ಪಗಾರದ ಊರು, ಹುಟ್ಟಿದ ಊರು

2025ರ ಜನವರಿ 18ರಂದು ವಡೋದರದ ಕೊಟಂಬಿ ಮೈದಾನದಲ್ಲಿ ವಿಜಯ್ ಹಜಾರೆ ಟ್ರೋಫಿಯ ಫೈನಲ್ ನಡೆಯಿತು. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ವಿದರ್ಭ. ವಿದರ್ಭದ ನಾಯಕ ಕರುಣ್ ನಾಯರ್. ಕರ್ನಾಟಕದ ಪರವಾಗಿ ವರ್ಷಗಟ್ಟಲೆ ಆಡಿದವರು, 2016ರಲ್ಲಿ ಚೆನ್ನೈ ಟೆಸ್ಟಿನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದವರು, ಆಮೇಲೆ ರಾಜ್ಯ ತಂಡದಲ್ಲಿ ಜಾಗ ಸಿಗದೆ 2023ರಲ್ಲಿ ವಿದರ್ಭಕ್ಕೆ ಹೋದವರು. ಆ ಟೂರ್ನಿಯಲ್ಲಿ ಅವರ ಒಟ್ಟು ಗಳಿಕೆ 779 ರನ್, ಸೆಂಚುರಿ ಐದು. ಫೈನಲಿನಲ್ಲಿ ಮಾತ್ರ ಅವರನ್ನು 27ಕ್ಕೆ ಕರ್ನಾಟಕದ ಬೌಲರ್ ಪ್ರಸಿದ್ಧ ಕೃಷ್ಣ ಔಟ್ ಮಾಡಿದರು. ಕರ್ನಾಟಕ 36 ರನ್ನುಗಳಿಂದ ಗೆದ್ದು ಐದನೆಯ ಸಲ ಕಪ್ ಎತ್ತಿತು.

ನಮ್ಮೂರು ಲಿಂಗನೂರಿನ ಹುಡುಗರಲ್ಲಿ ಗೆದ್ದ ಖುಷಿಗಿಂತ ವಾದವೇ ಜೋರಾಗಿತ್ತು. ನಮ್ಮದು ಮಹಾರಾಷ್ಟ್ರದ ಮಿರಜ ತಾಲೂಕು, ಸಾಂಗ್ಲಿ ಜಿಲ್ಲೆ. ಜಮೀನಿನ ಸಾತ್‌ಬಾರಾ ಉತಾರೆ ಮರಾಠಿಯಲ್ಲಿ ಬರುತ್ತದೆ. ಆದರೆ ಮನೆಯೊಳಗಿನ ಮಾತು ಕನ್ನಡವಾದ ನಮಗೆ ಕರ್ನಾಟಕದ ತಂಡವೂ ನಮ್ಮದೇ. "ಮನಿ ಮಗನ್ನ ಹೊರಗ ಕಳಿಸಿ ಕಪ್ ಗೆದ್ದರ ಏನ್ ಬಂತು?" ಅಂದ ಒಬ್ಬ. "ಯಾರೂ ಕಳಿಸಿಲ್ಲೋ, ತಾನ ಬಿಟ್ಟು ಹ್ವಾದ" ಅಂದ ಇನ್ನೊಬ್ಬ. ಕರಾರು, ನಿರಾಕ್ಷೇಪಣಾ ಪತ್ರ, ಒಂದು ರಾಜ್ಯ ತಂಡಕ್ಕೆ ಎಷ್ಟು ಮಂದಿ ಹೊರಗಿನವರು ಇರಬಹುದು ಎಂಬುದೆಲ್ಲ ಈ ಹುಡುಗರಿಗೆ ಬಾಯಿಪಾಠ. ಅವರಲ್ಲೊಬ್ಬ ನನ್ನ ಕಡೆ ತಿರುಗಿ, "ಕಾಕಾ, ಈ ಕಪ್ಪಿಗೆ ಹೆಸರು ಬಂದದ್ದ ನಮ್ಮ ಸಾಂಗ್ಲಿಯ ಹಜಾರೆಯಿಂದ ಅಲ್ಲೇನ್ರಿ? ಅವರೂ ಮಹಾರಾಷ್ಟ್ರ ಬಿಟ್ಟು ಬರೋಡಕ್ಕ ಹ್ವಾದವರ. ಯಾಕ ಹ್ವಾದ್ರು?" ಎಂದು ಕೇಳಿದ.

ಉತ್ತರ ಹುಡುಕುತ್ತ ರಣಜಿ ಟ್ರೋಫಿಯ ಹಳೆಯ ಸ್ಕೋರ್ ಪಟ್ಟಿಗಳಿಗೆ ಇಳಿದೆ. ಇವತ್ತು ಹರಾಜಿನಲ್ಲಿ ಆಟಗಾರನ ಬೆಲೆ ಕೂಗಿದ ಕೂಡಲೇ ಟಿವಿಯಲ್ಲಿ ಬರುತ್ತದೆ. ಆಗಿನ ಕರಾರು ಅರಮನೆಯ ಒಳಗಿನ ಮಾತು. ಆದರೆ ಯಾರು ಯಾವ ವರ್ಷ ಯಾವ ತಂಡಕ್ಕೆ ಆಡಿದರು ಎಂಬುದು ಪಟ್ಟಿಯಲ್ಲಿ ಅಚ್ಚಾಗಿ ಉಳಿದಿದೆ. ಅಗಲವಾದ ಹಾಳೆಯೊಂದಕ್ಕೆ ಗೆರೆ ಹೊಡೆದು, ಮೇಲೆ 1934-35ರಿಂದ ವರ್ಷಗಳನ್ನೂ ಎಡಕ್ಕೆ ಆಟಗಾರರ ಹೆಸರನ್ನೂ ಬರೆದು, ಒಂದೊಂದು ಮನೆಯಲ್ಲಿ ತಂಡದ ಹೆಸರು ತುಂಬುತ್ತ ಹೋದೆ. ತುಂಬಿದಂತೆ ಆ ಕಾಲದ ಇಡೀ ಆಟಗಾರರ ಪೇಟೆ ಕಣ್ಣ ಮುಂದೆ ಬಿಚ್ಚಿಕೊಂಡಿತು.

ವಿಜಯ್ ಹಜಾರೆ ಹುಟ್ಟಿದ್ದು 1915ರ ಮಾರ್ಚ್ 11ರಂದು, ಸಾಂಗ್ಲಿಯಲ್ಲಿ. ಮರಾಠಿ ಕ್ರೈಸ್ತ ಮನೆತನ, ಶಾಲಾ ಮಾಸ್ತರ ತಂದೆ, ಎಂಟು ಮಕ್ಕಳು. ರಣಜಿ ಟ್ರೋಫಿ ಆರಂಭವಾದ 1934-35ರಲ್ಲೇ ಅವರು ಮಹಾರಾಷ್ಟ್ರಕ್ಕೆ ಆಡಿದರು. ಮರುವರ್ಷದಿಂದ ಹಾಳೆಯಲ್ಲಿ ಅವರ ಹೆಸರಿನ ಮುಂದೆ 'ಮಧ್ಯ ಭಾರತ' ಎಂದು ಬರುತ್ತದೆ. ಹಾಗಾದರೆ ಬರೋಡ ಮೊದಲ ವಲಸೆಯಲ್ಲ. ಇಪ್ಪತ್ತು ತುಂಬಿದ ಹೊಸದರಲ್ಲೇ ಹುಡುಗ ಊರು ಬಿಟ್ಟಿದ್ದ. ಕರೆಸಿಕೊಂಡವರು ದೇವಾಸಿನ ಮಹಾರಾಜ ವಿಕ್ರಮಸಿಂಹರಾವ್ ಪವಾರ್. ಇವರೇ 1947ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತು ಬಂದು ಶಹಾಜಿ ಮಹಾರಾಜರಾದರು. ನಮ್ಮ ಮೂಡಣಕ್ಕಿರುವ ಜತ್ತ ಸಂಸ್ಥಾನದ ಡಫಳೆ ರಾಜರೂ ಕ್ರಿಕೆಟ್ ಹುಚ್ಚಿನವರು. ಟೆಸ್ಟಿನಲ್ಲಿ ಮೊದಲು 200 ವಿಕೆಟ್ ಪಡೆದ ಆಸ್ಟ್ರೇಲಿಯದ ಕ್ಲಾರಿ ಗ್ರಿಮೆಟ್ಟರನ್ನು ಮೂವತ್ತರ ದಶಕದ ಕೊನೆಯಲ್ಲಿ ಅವರು ಜತ್ತಕ್ಕೆ ಕರೆಸಿದರು. ಹಜಾರೆ ಗ್ರಿಮೆಟ್ಟರ ಕೈಯಲ್ಲಿ ಕಲಿತರು. ಕನ್ನಡ ಮಾತಾಡುವ, ಮಳೆ ಕಡಿಮೆಯ ಜತ್ತದಂಥ ಊರಿಗೆ ಜಗತ್ತಿನ ಶ್ರೇಷ್ಠ ಸ್ಪಿನ್ನರ್ ಬಂದಿದ್ದರೆಂದು ಹುಡುಗರಿಗೆ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

1939-40ಕ್ಕೆ ಹಜಾರೆ ಮಹಾರಾಷ್ಟ್ರಕ್ಕೆ ಮರಳಿದ್ದಾರೆ. ಪುಣೆಯಲ್ಲಿ ಬರೋಡದ ವಿರುದ್ಧ ಅಜೇಯ 316. ರಣಜಿಯ ಮೊದಲ ತ್ರಿಶತಕ ಅದು. ಆ ವರ್ಷವೂ ಮರುವರ್ಷವೂ ಮಹಾರಾಷ್ಟ್ರವೇ ಚಾಂಪಿಯನ್. 1941-42ರ ಮನೆಯಲ್ಲಿ ಹಜಾರೆ ಹೆಸರಿನ ಮುಂದೆ 'ಬರೋಡ'. ಯಾರ ಬೌಲಿಂಗಿಗೆ 316 ಹೊಡೆದರೋ ಅದೇ ತಂಡ ಅವರನ್ನು ಕರೆದುಕೊಂಡಿತು!

ಮಹಾರಾಷ್ಟ್ರ ಅವರನ್ನು ಉಳಿಸಿಕೊಳ್ಳಬಹುದಿತ್ತೇ? ಆ ತಂಡದ ನಾಯಕ ಡಿ.ಬಿ. ದೇವಧರ್ ಪುಣೆಯ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರು. ಅವರ ಬೆನ್ನಿಗೆ ಅರಮನೆ ಇರಲಿಲ್ಲ, ಖಜಾನೆ ಇರಲಿಲ್ಲ. ಬರೋಡದಲ್ಲಿ ಗಾಯಕವಾಡರ ದರ್ಬಾರಿತ್ತು, ಸೈನ್ಯವಿತ್ತು, ಪಗಾರವಿತ್ತು. ಆಗ ಆಟಗಾರ ಒಂದು ಪ್ರಾಂತಕ್ಕೆ ಆಡಬೇಕಾದರೆ ಅಲ್ಲಿ ಹುಟ್ಟಿರಬೇಕಿತ್ತು, ಇಲ್ಲವೇ ಅಲ್ಲಿ ವಾಸವಿರಬೇಕಿತ್ತು. ಮಹಾರಾಜರು ನೌಕರಿ ಕೊಟ್ಟರೆ ವಾಸದ ಷರತ್ತು ತಾನಾಗಿ ಪೂರೈಸುತ್ತಿತ್ತು. ಹರಾಜಿಲ್ಲದ ಕಾಲದ ಕರಾರು ಇದು. ಎಂಟು ಮಕ್ಕಳ ಮನೆಯಿಂದ ಬಂದವನಿಗೆ ಅದು ಸಣ್ಣ ಮಾತಲ್ಲ. ಹಜಾರೆ ಬಂದ ಎರಡನೆಯ ವರ್ಷ, 1942-43ರಲ್ಲಿ, ಬರೋಡ ಮೊದಲ ಸಲ ರಣಜಿ ಗೆದ್ದಿತು. ಮಹಾರಾಷ್ಟ್ರ 1940-41ರ ನಂತರ ಇವತ್ತಿಗೂ ಗೆದ್ದಿಲ್ಲ. 2013-14ರಲ್ಲಿ ಫೈನಲ್ ತನಕ ಬಂದಾಗ ಸೋಲಿಸಿದ್ದು ಕರ್ನಾಟಕ.

ಹಾಳೆಯಲ್ಲಿ ಹಜಾರೆ ಒಬ್ಬರೇ ಅಲ್ಲ. ಲಾಹೋರಿನ ಗುಲ್ ಮಹಮ್ಮದ್, ಅಮೀರ್ ಇಲಾಹಿ ಇಬ್ಬರೂ ಬರೋಡಕ್ಕೆ ಬಂದಿದ್ದಾರೆ. ಸಿ.ಎಸ್. ನಾಯುಡು ಬರೋಡ ಬಿಟ್ಟು ಇಂದೋರಿನ ಹೋಳ್ಕರ್ ತಂಡ ಸೇರಿದ್ದಾರೆ. ಅಲ್ಲಿ ಅವರ ಅಣ್ಣ ಸಿ.ಕೆ. ನಾಯುಡು ನಾಯಕ. 1944-45ರ ಫೈನಲಿಗೆ ಹೋಳ್ಕರ್ ತಂಡ, ಮಹೂ ದಂಡಿನಲ್ಲಿದ್ದ ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್ನರನ್ನೇ ಆಡಿಸಿತು. ಅವರು ಅಜೇಯ 249 ಹೊಡೆದರೂ ಮುಂಬೈ ಗೆದ್ದಿತು.

ಹಜಾರೆಯ ಸಾಲಿಗೆ ನಾನು ಇನ್ನೊಂದು ಸಾಲು ಕೂಡಿಸಬೇಕಾಯಿತು. ಮುಂಬೈಯ ಪಂಚಕೋನ ಟೂರ್ನಿಯಲ್ಲಿ ತಂಡಗಳು ಜಾತಿ ಧರ್ಮದ ಮೇಲೆ ನಿಂತಿದ್ದವು: ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್, ಉಳಿದವರು 'ಇತರರು'. ಕ್ರೈಸ್ತರಾದ ಹಜಾರೆ ಇತರರ ತಂಡದಲ್ಲಿ. 1943-44ರ ಫೈನಲಿನಲ್ಲಿ ಹಿಂದೂ ತಂಡ 581 ಹೊಡೆದು ಡಿಕ್ಲೇರ್ ಮಾಡಿತು, ಇತರರು 133ಕ್ಕೆ ಆಲೌಟ್. ಫಾಲೋ ಆನ್ ಆಗಿ ಮತ್ತೆ ಆಡಿ 387 ಗಳಿಸಿದರು. ಅದರಲ್ಲಿ ಹಜಾರೆಯದು 309. ತಮ್ಮ ವಿವೇಕ್ ಜೊತೆ 300 ರನ್ನಿನ ಜೊತೆಯಾಟ. ಅದರಲ್ಲಿ ವಿವೇಕನ ಪಾಲು 21. ಇಷ್ಟಾದರೂ ತಂಡ ಇನಿಂಗ್ಸ್ ಮತ್ತು 61 ರನ್ನಿನಿಂದ ಸೋತಿತು. ಹುಟ್ಟಿನ ತಂಡದಲ್ಲಿ ಅವರು ಒಂಟಿ. ಪಗಾರದ ತಂಡದಲ್ಲಿ ಅವರಿಗೆ ಜೊತೆ ನಿಲ್ಲುವವರಿದ್ದರು.

ಇದಕ್ಕೆ ಸಾಕ್ಷಿ 1947ರ ಮಾರ್ಚ್ 7ರಿಂದ 11ರವರೆಗೆ ಬರೋಡದಲ್ಲಿ ನಡೆದ ರಣಜಿ ಫೈನಲಿನ ಪಟ್ಟಿ. ನನ್ನ ಕಣ್ಣು ಬಹಳ ಹೊತ್ತು ನಿಂತದ್ದು ಇದರ ಮೇಲೆ. ಹೋಳ್ಕರ್ ಮೊದಲು 202. ಬರೋಡ 3 ವಿಕೆಟ್ಟಿಗೆ 91. ಆಗ ಹಜಾರೆ ಜೊತೆ ಬಂದು ಸೇರಿದವರು ಗುಲ್ ಮಹಮ್ಮದ್. 533 ನಿಮಿಷ ಇಬ್ಬರೂ ಕ್ರೀಸ್ ಬಿಟ್ಟು ಕದಲಲಿಲ್ಲ. ಕೂಡಿಸಿದ್ದು 577 ರನ್; 2006ರಲ್ಲಿ ಕೊಲಂಬೊದಲ್ಲಿ ಜಯವರ್ಧನೆ–ಸಂಗಕ್ಕಾರ 624 ಹೊಡೆಯುವ ತನಕ ಜಗತ್ತಿನ ಅತಿ ದೊಡ್ಡ ಜೊತೆಯಾಟ. ಗುಲ್ 319, ಹಜಾರೆ 288, ಬರೋಡ 784. ಹೋಳ್ಕರ್ ಎರಡನೆಯ ಸಲ 173ಕ್ಕೆ ಮುಗಿದು ಇನಿಂಗ್ಸ್ ಮತ್ತು 409 ರನ್ನಿನಿಂದ ಸೋತಿತು.

ದಿನಾಂಕವನ್ನು ಮತ್ತೊಮ್ಮೆ ನೋಡಬೇಕು. ಅದೇ ವಾರ ಗುಲ್ ಮಹಮ್ಮದರ ಊರು ಲಾಹೋರಿನಲ್ಲಿ ಗಲಭೆ ಹತ್ತಿ ಉರಿಯುತ್ತಿತ್ತು. ಸಾಂಗ್ಲಿಯ ಕ್ರೈಸ್ತ, ಲಾಹೋರಿನ ಮುಸಲ್ಮಾನ, ಇಬ್ಬರೂ ಹಿಂದೂ ಅರಸನ ಪಗಾರದವರು, ಒಂಬತ್ತು ತಾಸಿನ ಹತ್ತಿರ ಒಬ್ಬರಿಗೊಬ್ಬರು ಓಟ ಕರೆಯುತ್ತ ನಿಂತಿದ್ದರು. ಪಂದ್ಯದ ಕೊನೆಯ ದಿನ ಹಜಾರೆಗೆ 32 ತುಂಬಿತು. ಗುಲ್ ಮಹಮ್ಮದ್, ಅಮೀರ್ ಇಲಾಹಿ ಮುಂದೆ ಪಾಕಿಸ್ತಾನಕ್ಕೂ ಟೆಸ್ಟ್ ಆಡಿದರು. ಹಣ ಕೊಟ್ಟು ಕಟ್ಟಿದ ತಂಡಕ್ಕೆ ಅಭಿಮಾನ ಇರುವುದಿಲ್ಲ ಎನ್ನುವವರ ಮುಂದೆ ನಾನು ಈ ಪಟ್ಟಿಯನ್ನೇ ಇಡುತ್ತೇನೆ.

1948ರಲ್ಲಿ ಸಾಂಗ್ಲಿ, ಮಿರಜ, ಜತ್ತ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ಬರೋಡವೂ ಸೇರಿತು. ಪಗಾರ ಕೊಡುತ್ತಿದ್ದ ರಾಜ್ಯವೇ ಹೋಯಿತು. ಹಜಾರೆ ಊರಿಗೆ ಮರಳುತ್ತಾರೇನೋ ಎಂದು ಹಾಳೆಯ ಮುಂದಿನ ಮನೆಗಳನ್ನು ನೋಡಿದೆ. 1949-50, ಬರೋಡ, ಚಾಂಪಿಯನ್. 1957-58, ಬರೋಡ, ಮತ್ತೆ ಚಾಂಪಿಯನ್. 1960-61ರ ತನಕ ಬರೋಡವೇ. ನಡುವೆ ಭಾರತದ ನಾಯಕರಾಗಿ 1952ರಲ್ಲಿ ಮದರಾಸಿನಲ್ಲಿ ದೇಶಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. 2004ರಲ್ಲಿ ತೀರಿಕೊಂಡದ್ದೂ ಅದೇ ಬರೋಡದಲ್ಲಿ, ಅಂದರೆ ಇವತ್ತಿನ ವಡೋದರದಲ್ಲಿ. ಕೈ ಹಿಡಿದ ಊರನ್ನು ಅವರು ಬಿಡಲಿಲ್ಲ.

ಎಲ್ಲರಿಗೂ ಇಂಥ ಊರು ಸಿಗಲಿಲ್ಲ. ಕೊಲ್ಹಾಪುರದಲ್ಲಿ ಹುಟ್ಟಿದ ಭಾವುಸಾಹೇಬ ನಿಂಬಾಳ್ಕರರ ಸಾಲಿನಲ್ಲಿ ಬರೋಡ, ಹೋಳ್ಕರ್, ಮಹಾರಾಷ್ಟ್ರ, ರಾಜಸ್ಥಾನ, ರೈಲ್ವೇಸ್ ಎಲ್ಲವೂ ಇವೆ. 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕಾಠಿಯಾವಾಡದ ವಿರುದ್ಧ ಅವರು ಅಜೇಯ 443ರಲ್ಲಿದ್ದಾಗ, ಬ್ರಾಡ್‌ಮನ್ನರ 452ರ ದಾಖಲೆ ಕೈಗೆ ಸಿಗುವಷ್ಟು ದೂರದಲ್ಲಿದ್ದಾಗ, ಎದುರಾಳಿ ನಾಯಕರಾದ ರಾಜಕೋಟದ ಠಾಕೂರ್ ಸಾಹೇಬರು ಪಂದ್ಯ ಬಿಟ್ಟುಕೊಟ್ಟು ತಂಡ ಕರೆದುಕೊಂಡು ಹೊರಟೇಬಿಟ್ಟರು. ನಿಂಬಾಳ್ಕರರಿಗೆ ಒಂದು ಟೆಸ್ಟೂ ಸಿಗಲಿಲ್ಲ. ಇದು ನನಗೆ ಇಂದಿಗೂ ಸಂಕಟದ ಸಂಗತಿ.

ಹುಡುಗರಿಗೆ ಹಾಳೆ ಬಿಡಿಸಿ ತೋರಿಸಿದೆ. ಕರುಣ್ ಬಿಟ್ಟು ಹೋದರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಡಲು ಜಾಗ ಕೊಟ್ಟ ಕಡೆ ಹೋದರು. 2024-25ರಲ್ಲಿ ವಿದರ್ಭಕ್ಕೆ ರಣಜಿ ಗೆಲ್ಲಿಸಿದರು, ಫೈನಲಿನಲ್ಲಿ ಸೆಂಚುರಿ ಹೊಡೆದರು, ಮರುವರ್ಷ ಕರ್ನಾಟಕಕ್ಕೆ ಬಂದರು. "ಹಂಗಾದ್ರ ತಪ್ಪ ಕರ್ನಾಟಕದ್ದ ಅಂತೀರೇನ್ರಿ?" ಎಂದು ಒಬ್ಬ ಎದ್ದು ನಿಂತ. ಫಾರ್ಮಿನಲ್ಲಿಲ್ಲದವನನ್ನು ಎಷ್ಟು ದಿನ ಕಾಯಬೇಕು ಎಂದು ಮತ್ತೊಬ್ಬ. ಇಬ್ಬರ ಮಾತಿನಲ್ಲೂ ತೂಕವಿತ್ತು, ವಾದ ಇನ್ನೂ ನಡೆದಿದೆ.

ಅವರಲ್ಲೊಬ್ಬ ಹಾಳೆಯ ಕೆಳಗೆ ಹೊಸ ಹೆಸರೊಂದನ್ನು ಸೇರಿಸಿದ: ಸ್ಮೃತಿ ಮಂಧಾನ. ಸಾಂಗ್ಲಿಯಲ್ಲಿ ಬೆಳೆದವರು, 2013ರಲ್ಲಿ 19 ವರ್ಷದೊಳಗಿನವರ ಏಕದಿನ ಪಂದ್ಯದಲ್ಲಿ ಗುಜರಾತಿನ ವಿರುದ್ಧ ಅಜೇಯ 224 ಹೊಡೆದವರು. ಆ ಪಂದ್ಯ ನಡೆದದ್ದೂ ವಡೋದರದಲ್ಲಿ. ಅವರಿಗೂ ಎರಡು ಸಾಲು ಬೇಕಾಯಿತು. ಮೇಲಿನದರಲ್ಲಿ ಮಹಾರಾಷ್ಟ್ರ. ಕೆಳಗಿನದರಲ್ಲಿ, 2023ರ ಫೆಬ್ರುವರಿ 13ರ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಿಂದ, 3 ಕೋಟಿ 40 ಲಕ್ಷ ರೂಪಾಯಿಗೆ ಬೆಂಗಳೂರು. 2024ರಲ್ಲಿ ಅವರ ನಾಯಕತ್ವದಲ್ಲಿ ಕಪ್. ಈ ಕರಾರಿನ ಬಗ್ಗೆ ಮಾತ್ರ ಲಿಂಗನೂರಿನಲ್ಲಿ ಯಾರೂ ತಕರಾರು ತೆಗೆದಿಲ್ಲ.