ಎರಡು ಹಡಗುಗಳ ನಡುವಿನ ಮನೆ



ಜುಲೈ ತಿಂಗಳ ಎರಡನೇ ಭಾನುವಾರ ಧರ್ಮಸಭೆಯು ನಾವಿಕರಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ಆ ದಿನ ಸಾಮಾನ್ಯವಾಗಿ ನೆನೆಯುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವನ್ನು. 1920ರಲ್ಲಿ ಪೀಟರ್ ಆ್ಯನ್ಸನ್, ಆರ್ಥರ್ ಗ್ಯಾನನ್ ಮತ್ತು ಯೇಸುಸಭೆಯ ಬ್ರದರ್ ಡೇನಿಯಲ್ ಶೀಲ್ಡ್ಸ್ ಅಲ್ಲಿ ನಾವಿಕರ ಸೇವೆಗೆ ಒಂದು ಸಂಘ ಕಟ್ಟಿದರು. ಮೂವರಲ್ಲಿ ಒಬ್ಬರೂ ಗುರುಗಳಲ್ಲ! 1922ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅದಕ್ಕೆ ಒಪ್ಪಿಗೆ ಕೊಟ್ಟರು. ಈಗ ಅದನ್ನು ಸ್ಟೆಲ್ಲಾ ಮಾರಿಸ್, ಅಂದರೆ ಸಮುದ್ರತಾರೆ ಎಂದು ಕರೆಯುತ್ತಾರೆ.

ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ, ನಾವು ನೆಲೆಸಿರುವ ಈ ಗೋವಾದ ಹಳ್ಳಿಗರು ಮುಂಬಯಿಯಲ್ಲಿ ತಮ್ಮ ನಾವಿಕರಿಗೆ ಮನೆ ಮಾಡಿಕೊಟ್ಟಿದ್ದರು. ಅದಕ್ಕೆ ಕೊಂಕಣಿಯಲ್ಲಿ 'ಕೂಡ್' ಎನ್ನುತ್ತಾರೆ. ಕೂಡ್ ಎಂದರೆ ಕೋಣೆ, ಅಷ್ಟೇ.

ಪೋರ್ಚುಗೀಸರ ಆಳ್ವಿಕೆಯ ಗೋವಾದಲ್ಲಿ ಕೆಲಸ ಕಡಿಮೆ. ಉಗಿಹಡಗುಗಳ ಕಾಲ ಬಂದಾಗ ಪಿ ಅಂಡ್ ಓ, ಬ್ರಿಟಿಷ್ ಇಂಡಿಯಾದಂಥ ಕಂಪನಿಗಳು ಅಡುಗೆಯವರು, ಸ್ಟೂವರ್ಡ್‌ಗಳ ಕೆಲಸಕ್ಕೆ ಗೋವಾದ ಕ್ರೈಸ್ತರನ್ನು ಹೆಚ್ಚಾಗಿ ಸೇರಿಸಿಕೊಂಡವು. ಯಾವ ಮಾಂಸವನ್ನಾದರೂ ಬೇಯಿಸಲು, ಬಡಿಸಲು ಅವರಿಗೆ ತಕರಾರಿರಲಿಲ್ಲ. ಆದರೆ ಹಡಗು ಹತ್ತಬೇಕಾದದ್ದು ಮುಂಬಯಿಯಲ್ಲಿ. ಒಂದು ಹಡಗಿನಿಂದ ಇಳಿದ ಮೇಲೆ ಮತ್ತೊಂದು ಸಿಗುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಆ ಕಾಯುವಿಕೆಯೇ ಅಪಾಯ. ಬಂದರಿನ ದಲ್ಲಾಳಿಗಳು ಊಟ, ವಸತಿ, ಸಾಲ ಎಲ್ಲವನ್ನೂ ಕೊಡುತ್ತಿದ್ದರು. ಆಮೇಲೆ ಸಂಬಳದಲ್ಲಿ ಬಡ್ಡಿಸಮೇತ ಕಿತ್ತುಕೊಳ್ಳುತ್ತಿದ್ದರು. ನಾವಿಕ ದುಡಿದದ್ದು ಮನೆ ಸೇರುವ ಮೊದಲೇ ಕರಗುತ್ತಿತ್ತು.

ಕೂಡ್ ಅವನನ್ನು ಅವರ ಕೈಯಿಂದ ತಪ್ಪಿಸಿತು. ಧೋಬಿ ತಲಾವ್, ಮಝಗಾಂವ್ ಮುಂತಾದ ಕಡೆ ಒಂದೊಂದು ಊರಿನವರು ಸೇರಿ ಒಂದೊಂದು ದೊಡ್ಡ ಕೋಣೆ ಬಾಡಿಗೆಗೆ ಹಿಡಿದರು. ಸದಸ್ಯನಿಗೆ ತಿಂಗಳಿಗೆ ಸಣ್ಣ ವಂತಿಗೆ. ಗೋಡೆಯ ಪಕ್ಕ ಅವನ ಪೆಟ್ಟಿಗೆ, ರಾತ್ರಿ ಅದರ ಮುಂದೆ ಹಾಸಿಗೆ. ಒಂದು ಕಡೆ ಊರಿನ ಪಾಲಕ ಸಂತರ ಪೀಠ. ಸಂಜೆ ಜಪಸರಕ್ಕೆ ಎಲ್ಲರೂ ಇರಲೇಬೇಕೆಂಬುದು ನಿಯಮ. ಊರಿನಲ್ಲಿ ಹಬ್ಬವಾದರೆ ಇಲ್ಲೂ ಹಬ್ಬ. (ನಾನು ಓದಿದ್ದು ಬಿಎಸ್ಸಿ, ಹಾಗಾಗಿ ಲೆಕ್ಕ ನೋಡದೆ ಬಿಡಲಾರೆ: ಒಂದೇ ಸಲಕ್ಕೆ ಎಲ್ಲರೂ ದಡದಲ್ಲಿ ಇರುವುದಿಲ್ಲ. ಹಡಗಿನಲ್ಲಿ ಇರುವವನಿಗೆ ಬೇಕಾದದ್ದು ಪೆಟ್ಟಿಗೆಯಷ್ಟು ಜಾಗ ಮಾತ್ರ. ಆದ್ದರಿಂದಲೇ ಇಪ್ಪತ್ತು ಜನ ಮಲಗುವ ಕೋಣೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಸದಸ್ಯರು ಇರಬಹುದಿತ್ತು, ವಂತಿಗೆಯೂ ಹಗುರವಾಗುತ್ತಿತ್ತು.)

ಹೊಸದಾಗಿ ಊರಿನಿಂದ ಬಂದ ಹುಡುಗನಿಗೆ ಯಾವ ಹಡಗಿಗೆ ಜನ ಬೇಕು, ಯಾವ ಕಾಗದ ಎಲ್ಲಿ ಮಾಡಿಸಬೇಕು ಎಂದು ಹೇಳಿಕೊಡುತ್ತಿದ್ದವರೂ ಅಲ್ಲಿನ ಹಿರಿಯರೇ. ಹೊರಗಿನ ದಾನಿಗಳು ಕಟ್ಟಿಸಿದ ಆಶ್ರಮವಲ್ಲ ಇದು. ಉಣ್ಣುವವನೂ ಅವನೇ, ಬಡಿಸುವವನೂ ಅವನೇ.

ಹೊಗಳಿಕೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಕೆಲವು ಊರುಗಳಿಗೆ ಒಂದಲ್ಲ, ಹೆಚ್ಚು ಕೂಡ್‌ಗಳಿದ್ದವು, ಕಾರಣ ಜಾತಿ. ಒಂದೇ ಚರ್ಚಿನಲ್ಲಿ ಜ್ಞಾನಸ್ನಾನ ಪಡೆದವರು ಮುಂಬಯಿಗೆ ಬಂದು ಬೇರೆ ಬೇರೆ ಕೋಣೆಗಳಲ್ಲಿ ಅದೇ ಜಪಸರ ಹೇಳುತ್ತಿದ್ದರು. ಹೆಂಗಸರಿಗೆ ಅಲ್ಲಿ ತಂಗಲು ಅವಕಾಶವೇ ಇರಲಿಲ್ಲ. ಊರಿನ ಪ್ರೀತಿಯ ಜೊತೆಗೆ ಊರಿನ ಬೇಲಿಯನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿದ್ದರು ಎಂದೇ ನನಗೆ ಅನ್ನಿಸುತ್ತದೆ. ಕನ್ನಡ ಮಾತಾಡುವ ನಾವೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು. ನಮ್ಮ ಹಿರಿಯರು ಏನೇನು ಹೊತ್ತು ತಂದರು ಎಂದು ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

ಈಗ ಕೂಡ್‌ಗಳು ಕಡಿಮೆಯಾಗಿವೆ. ನಾವಿಕರು ವಿಮಾನದಲ್ಲಿ ಹೋಗಿ ಹಡಗು ಸೇರುತ್ತಾರೆ. ಆದರೆ 2020ರಲ್ಲಿ, ಗ್ಲಾಸ್ಗೋ ಸಂಘಕ್ಕೆ ನೂರು ತುಂಬಿದ ವರ್ಷವೇ, ಕೋವಿಡ್‌ನಿಂದಾಗಿ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಇಳಿಯಲಾಗದೆ ಹಡಗುಗಳಲ್ಲೇ ಉಳಿದರು. ಧೋಬಿ ತಲಾವಿನ ಜೆರ್ ಮಹಲ್ ಕಟ್ಟಡದಲ್ಲಿ ಇಂದಿಗೂ ಕೂಡ್‌ಗಳಿವೆ. ಮುಂಬಯಿಗೆ ಹೋದವರು ಮೆಟ್ರೋ ಸಿನಿಮಾದ ಎದುರಿನ ಆ ಹಳೆಯ ಕಟ್ಟಡದ ಬಾಗಿಲುಗಳ ಮೇಲೆ ಗೋವಾದ ಊರುಗಳ ಹೆಸರು ಓದಬಹುದು.