ಬಾದಾಮಿಗೆ ಸಕ್ಕರೆ ಹೊದಿಸಿದವರು

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಅಮೆರಿಕದ ನಮ್ಮ ಬಡಾವಣೆಗಳಲ್ಲಿ ತಗಡಿನ ಡಬ್ಬಿಗಳ ಓಡಾಟ ಶುರುವಾಗುತ್ತದೆ. ಪಕ್ಕದ ಮನೆಯವರು, ಆಫೀಸಿನ ಸಹೋದ್ಯೋಗಿಗಳು, ಮಕ್ಕಳ ಪಿಯಾನೊ ಟೀಚರು, ಎಲ್ಲರೂ ತಮ್ಮ ಮನೆಯಲ್ಲೇ ಸಕ್ಕರೆ ಪಾಕ ಹಿಡಿಸಿದ ಪೆಕಾನ್, ವಾಲ್‌ನಟ್, ಬಾದಾಮಿಗಳನ್ನು ತುಂಬಿ, ಮೇಲೊಂದು ರಿಬ್ಬನ್ ಕಟ್ಟಿ ತಂದುಕೊಡುತ್ತಾರೆ. ನಾಲ್ಕು ವಾರ ಕಳೆದರೆ ಎಳ್ಳು ಬೀರುವ ಸರದಿ ನಮ್ಮದು. ಚಳಿಗಾಲ, ಎಣ್ಣೆಯಂಶವಿರುವ ಬೀಜ, ಸಿಹಿ, ನೆರೆಹೊರೆ: ಎರಡೂ ಹಬ್ಬಗಳಿಗೆ ಸಾಮಗ್ರಿ ಒಂದೇ. ಈ ಡಬ್ಬಿಗಳ ಹಿಂದೆ ಒಂದು ಉದ್ದನೆಯ ಚರಿತ್ರೆಯಿದೆ. ಅದರಲ್ಲಿ ಸಿಹಿಯಲ್ಲದ ಭಾಗವೂ ಸಾಕಷ್ಟಿದೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರೋಗಿಗಳಿಗೆ "ಸಕ್ಕರೆ ಬಿಡಿ" ಎಂದು ಹೇಳುತ್ತಲೇ ಬಂದವನು ನಾನು. ನಿವೃತ್ತಿಯ ನಂತರ ಈ ವಿಷಯ ಓದತೊಡಗಿದಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಇದು: ಯುರೋಪಿಗೆ ಸಕ್ಕರೆ ಬಂದದ್ದು ತಿಂಡಿಯಾಗಿ ಅಲ್ಲ, ಔಷಧಿಯಾಗಿ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ನಮ್ಮ ದೇಶದ್ದು. ಚರಕ, ಸುಶ್ರುತ ಸಂಹಿತೆಗಳಲ್ಲಿ ಬೆಲ್ಲದಿಂದ ಹಿಡಿದು ಶರ್ಕರದವರೆಗೆ ಬಗೆಬಗೆಯ ಹೆಸರುಗಳೂ ಅವುಗಳ ಗುಣಗಳೂ ಬರುತ್ತವೆ. 647ರ ಸುಮಾರಿಗೆ ಚೀನಾದ ಟಾಂಗ್ ಚಕ್ರವರ್ತಿ ತೈತ್ಸುಂಗ್ ಈ ವಿದ್ಯೆಯನ್ನು ಕಲಿತು ಬರಲೆಂದೇ ಮಗಧಕ್ಕೆ ದೂತರನ್ನು ಕಳಿಸಿದ್ದ. ಪಶ್ಚಿಮಕ್ಕೆ ಪರ್ಷಿಯನ್ನರು, ಅರಬರ ಮೂಲಕ ಸಕ್ಕರೆಯ ಜೊತೆಗೆ ಹೆಸರೂ ಹೋಯಿತು. ಶರ್ಕರ ಹೋಗಿ 'ಶುಗರ್' ಆಯಿತು, ಖಂಡ ಹೋಗಿ 'ಕ್ಯಾಂಡಿ' ಆಯಿತು. ಇಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ಹ್ಯಾಲೋವೀನ್ ರಾತ್ರಿ 'ಕ್ಯಾಂಡಿ' ಎಂದು ಕೂಗಿದಾಗಲೆಲ್ಲ ಸಂಸ್ಕೃತದ ಒಂದು ಶಬ್ದವನ್ನೇ ಕೂಗುತ್ತಿರುತ್ತಾರೆ.

ಮಧ್ಯಯುಗದ ಯುರೋಪಿನಲ್ಲಿ ಸಕ್ಕರೆ ಸಿಗುತ್ತಿದ್ದದ್ದು ಔಷಧಿ ಮಾರುವವನ ಅಂಗಡಿಯಲ್ಲಿ, ಮೆಣಸು ಶುಂಠಿಗಳ ಪಕ್ಕ. ಸೋಂಪು, ಕೊತ್ತಂಬರಿ ಬೀಜ, ಬಾದಾಮಿಗಳಿಗೆ ಸಕ್ಕರೆಯ ಪದರ ಕಟ್ಟಿ, ಊಟವಾದ ಮೇಲೆ ಜೀರ್ಣಕ್ಕೆಂದು ಕೊಡುತ್ತಿದ್ದರು. ಇಂಗ್ಲಿಷಿನಲ್ಲಿ ಇವಕ್ಕೆ ಕಾಂಫಿಟ್, ಫ್ರೆಂಚಿನಲ್ಲಿ ದ್ರಾಜೆ, ಇಟಲಿಯಲ್ಲಿ ಕಾನ್ಫೆಟ್ಟಿ ಎಂದು ಹೆಸರು. (ಮದುವೆ ಮೆರವಣಿಗೆಯಲ್ಲಿ ಎರಚುವ ಬಣ್ಣದ ಕಾಗದದ ಚೂರುಗಳಿಗೆ ಈ ಹೆಸರು ಬಂದದ್ದು ಆಮೇಲೆ. ಮೊದಲು ಎರಚುತ್ತಿದ್ದದ್ದು ಮಿಠಾಯಿಯನ್ನೇ.) ಉಪವಾಸದ ದಿನ ಇಂಥದ್ದನ್ನು ತಿಂದರೆ ವ್ರತ ಕೆಡುತ್ತದೆಯೇ ಎಂಬ ಪ್ರಶ್ನೆ ಹದಿಮೂರನೆಯ ಶತಮಾನದ ಧರ್ಮಪಂಡಿತ ಥಾಮಸ್ ಅಕ್ವಿನಾಸನ ಮುಂದೆ ಬಂತು. ಹೊಟ್ಟೆ ತುಂಬಿಸಲು ಅಲ್ಲ, ಜೀರ್ಣಕ್ಕೆ ತಿನ್ನುವುದಾದರೆ ಕೆಡದು ಎಂದು ಆತ ತೀರ್ಪು ಕೊಟ್ಟ. ನಮ್ಮ ಏಕಾದಶಿಯ ದಿನ ಉಪ್ಪಿಟ್ಟನ್ನು ಫಲಾಹಾರದ ಪಟ್ಟಿಗೆ ಸೇರಿಸುವವರಿಗೆ ಈ ತರ್ಕ ಹೊಸದೇನಲ್ಲ. ನಮ್ಮ ಕಸುಬಿನಲ್ಲೂ ಇದರ ಗುರುತು ಉಳಿದಿದೆ. ಕಹಿ ಮಾತ್ರೆಗೆ ಸಕ್ಕರೆ ಲೇಪಿಸಲು ಔಷಧ ಕಾರ್ಖಾನೆಗಳು ಬಳಸಿದ ತಿರುಗುವ ತಾಮ್ರದ ಬಾಣಲೆ, ಮಿಠಾಯಿಗಾರರು ಬಾದಾಮಿಗೆ ಬಳಸುತ್ತಿದ್ದ ಬಾಣಲೆಯೇ.

ಈ ಕೆಲಸ ಮನೆಯ ಅಡುಗೆಮನೆಗೆ ಬಂದದ್ದಕ್ಕೆ ಒಳ್ಳೆಯ ಸಾಕ್ಷಿ ಲಂಡನ್ನಿನ ಸರ್ ಹ್ಯೂ ಪ್ಲಾಟ್ ಎಂಬಾತ ಹದಿನೇಳನೆಯ ಶತಮಾನದ ಆರಂಭದಲ್ಲಿ ಅಚ್ಚು ಹಾಕಿಸಿದ 'ಡಿಲೈಟ್ಸ್ ಫಾರ್ ಲೇಡೀಸ್' ಎಂಬ ಪುಟ್ಟ ಪುಸ್ತಕ. ಅಗಲವಾದ ಲೋಹದ ಬೋಗುಣಿಯನ್ನು ಹಗ್ಗದಿಂದ ಕೆಂಡದ ಮೇಲೆ ತೂಗುಹಾಕಿ, ಬೀಜಗಳನ್ನು ಬಿಸಿ ಮಾಡಿ, ಸೌಟಿನಿಂದ ತೆಳು ಪಾಕವನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ, ಕೈಯಿಂದ ಆಡಿಸಿ ಒಣಗಿಸಿ, ಮತ್ತೆ ಸುರಿದು ಮತ್ತೆ ಒಣಗಿಸಬೇಕು. ಕಾಲು ಪೌಂಡ್ ಕೊತ್ತಂಬರಿ ಬೀಜಕ್ಕೆ ಮೂರು ಪೌಂಡ್ ಸಕ್ಕರೆ ಹಿಡಿಸಿದರೆ ಬಲು ದಪ್ಪನೆಯ ಕಾಂಫಿಟ್ ಆಗುತ್ತದೆ ಎಂದು ಆತ ಲೆಕ್ಕ ಕೊಡುತ್ತಾನೆ. ಅಂದರೆ ಬೀಜಕ್ಕೆ ಹನ್ನೆರಡು ಪಟ್ಟು ಸಕ್ಕರೆ!

ಈ ವಿವರಣೆಯನ್ನು ಉತ್ತರ ಕರ್ನಾಟಕದ ಯಾವುದೇ ಅಜ್ಜಿಯ ಮುಂದೆ ಓದಿದರೆ "ಇದು ನಮ್ಮ ಕುಸುರೆಳ್ಳಲ್ಲೇನೋ?" ಎಂದುಬಿಡುತ್ತಾಳೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಮನೆಗಳಲ್ಲಿ ಸಂಕ್ರಾಂತಿಗೆ ಎಂಟು ಹತ್ತು ದಿನ ಮೊದಲೇ ಈ ಕೆಲಸ ಹಿಡಿಯುತ್ತಿದ್ದರು. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದಿಷ್ಟು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ತೆಳುವಾದ ಪಾಕ ಇಟ್ಟುಕೊಳ್ಳಬೇಕು. ಶೆಗಡಿಯಲ್ಲಿ ಇದ್ದಿಲಿನ ಸಣ್ಣ ಕೆಂಡ, ಅದರ ಮೇಲೆ ಅಗಲವಾದ ತಟ್ಟೆ, ತಟ್ಟೆಯಲ್ಲಿ ತೊಳೆದು ಒಣಗಿಸಿದ ಬಿಳಿ ಎಳ್ಳು. ಚಮಚದಲ್ಲಿ ನಾಲ್ಕು ಹನಿ ಪಾಕ ಬಿಡುವುದು, ಬೆರಳ ತುದಿಯಿಂದ ಮೆಲ್ಲಗೆ ಆಡಿಸುತ್ತಲೇ ಇರುವುದು, ಒಣಗಿದ ಮೇಲೆ ಮತ್ತೆ ನಾಲ್ಕು ಹನಿ. ಅವಸರಪಟ್ಟು ಪಾಕ ಹೆಚ್ಚು ಸುರಿದರೆ ಎಳ್ಳೆಲ್ಲ ಮುದ್ದೆಯಾಗುತ್ತದೆ. ಕೆಂಡ ಜೋರಾದರೆ ಸಕ್ಕರೆ ಕೆಂಪಾಗುತ್ತದೆ. ಹದವಾಗಿ ಸಾಗಿದರೆ ಒಂದೊಂದು ಎಳ್ಳಿನ ಸುತ್ತಲೂ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಆ ಮುಳ್ಳು ಎದ್ದಿತೆಂದರೆ ಮನೆಯ ಹೆಂಗಸರ ಮುಖ ಅರಳುತ್ತಿತ್ತು. ಹೊಸ ಸೊಸೆಗೂ ಎಳೆಯ ಕೂಸಿಗೂ ಇದರಿಂದಲೇ ಸರ, ಬಳೆ, ಕಿರೀಟ ಮಾಡಿ ತೊಡಿಸುತ್ತಿದ್ದರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ" ಎನ್ನುತ್ತ ಮನೆಮನೆಗೆ ಹಂಚುತ್ತಿದ್ದದ್ದರಲ್ಲಿ ಕುಸುರೆಳ್ಳಿಗೆ ಮೊದಲ ಸ್ಥಾನ.

ಜಪಾನಿನಲ್ಲಿ ಇದರದೇ ರೂಪದ ಇನ್ನೊಂದು ಮಿಠಾಯಿಯಿದೆ, ಕೊಂಪೆಯಿತೊ. ಪೋರ್ಚುಗೀಸರ 'ಕಾನ್ಫೆಯಿತೊ' ಎಂಬ ಹೆಸರಿನ ಜಪಾನಿ ಉಚ್ಚಾರ ಅದು. 1569ರಲ್ಲಿ ಲೂಯಿಸ್ ಫ್ರೋಯಿಸ್ ಎಂಬ ಪಾದ್ರಿ ದೊರೆ ಓಡಾ ನೊಬುನಾಗಾನಿಗೆ ಗಾಜಿನ ಪಾತ್ರೆಯಲ್ಲಿ ಇದನ್ನು ಕಾಣಿಕೆ ಕೊಟ್ಟ. 1688ರಲ್ಲಿ ಪ್ರಕಟವಾದ ಇಹಾರಾ ಸೈಕಾಕುವಿನ ಕಥೆಯೊಂದರಲ್ಲಿ ನಾಗಸಾಕಿಯ ವ್ಯಾಪಾರಿ ಇದರ ಗುಟ್ಟನ್ನು ಕಂಡುಹಿಡಿಯುವ ಪ್ರಸಂಗ ಬರುತ್ತದೆ. ಒಳಗಿಟ್ಟ ಬೀಜ ಯಾವುದು ಗೊತ್ತೇ? ಎಳ್ಳು! ಇಪ್ಪತ್ತನೆಯ ಶತಮಾನದಲ್ಲಿ ಭೌತವಿಜ್ಞಾನಿ ತೆರಾದಾ ತೊರಾಹಿಕೊ ಈ ಮುಳ್ಳುಗಳೇಕೆ ಏಳುತ್ತವೆಂದು ಗಂಭೀರವಾಗಿ ಬರೆದಿದ್ದಾರೆ. ಮೇಲ್ಮೈಯಲ್ಲಿ ಒಂದು ಕಡೆ ಸ್ವಲ್ಪ ಉಬ್ಬಿದರೆ ಅಲ್ಲಿಗೇ ಮತ್ತಷ್ಟು ಪಾಕ ತಗುಲಿ ಉಬ್ಬು ಇನ್ನೂ ಬೆಳೆಯುತ್ತದೆ ಎಂದು ಸ್ಥೂಲವಾಗಿ ಹೇಳಬಹುದು.

ಗೋವಾ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಗೋವಾದ ಮಗ್ಗುಲಲ್ಲೇ ಬೆಳಗಾವಿ, ಕಾರವಾರ. ಹಾಗಾದರೆ ಕುಸುರೆಳ್ಳು ಅವರಿಂದ ಬಂತೇ, ನಮ್ಮಿಂದ ಅವರಿಗೆ ಹೋಯಿತೇ ಎಂದು ವಾದ ಹೂಡುವ ಆಸೆ ಯಾರಿಗಾದರೂ ಆದೀತು. ನಾನು ಆ ದಾರಿ ಹಿಡಿಯುವುದಿಲ್ಲ. ಒಂದೇ ತರಹದ ಜ್ವರ ಎರಡು ಬೇರೆ ಕಾಯಿಲೆಗಳಿಂದ ಬರಬಹುದು. ಸಣ್ಣ ಬೀಜ, ಬಿಸಿ ತಟ್ಟೆ, ತೆಳು ಪಾಕ, ತಾಳ್ಮೆಯ ಕೈ, ಈ ನಾಲ್ಕು ಸೇರಿದ ಕಡೆ ಫಲ ಹೀಗೆಯೇ ಬರುತ್ತದೆ. ಆದರೆ ಒಂದು ಮಾತನ್ನು ರಸಾಯನಶಾಸ್ತ್ರದ ಬಲದಿಂದ ಹೇಳಬಲ್ಲೆ: ಬೆಲ್ಲದಿಂದ ಕುಸುರೆಳ್ಳು ಮಾಡುವುದು ದುಸ್ತರ. ಬೆಲ್ಲದಲ್ಲಿ ಉಳಿದಿರುವ ಗ್ಲುಕೋಸ್, ಫ್ರುಕ್ಟೋಸ್‌ಗಳು ಹರಳುಗಟ್ಟುವುದನ್ನು ತಡೆಯುತ್ತವೆ. ಹಾಗಾಗಿ ಶುದ್ಧವಾದ ಬಿಳಿ ಸಕ್ಕರೆ ಸಾಮಾನ್ಯರ ಕೈಗೆಟುಕಿದ ಮೇಲೆಯೇ ಇದು ಸಾಮಾನ್ಯರ ಮನೆಯ ಹಬ್ಬದ ತಿನಿಸಾಗಿರಬೇಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರ, ಚನ್ನಪಟ್ಟಣಗಳ ಸಕ್ಕರೆ ತಯಾರಿಕೆಯನ್ನು ವಿಶೇಷವೆಂದೇ ಗುರುತಿಸಿ ಬರೆದಿದ್ದಾನೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ.

ಈಗ ನಮ್ಮ ನೆರೆಯವರ ಡಬ್ಬಿಗೆ ಬರೋಣ. ಅದರೊಳಗಿನ ಕಂದು ಬಣ್ಣದ, ಗರುಗರು ಪೆಕಾನ್ ಕಾಂಫಿಟ್ ಅಲ್ಲ, ಪ್ರಲೀನ್ ಜಾತಿಯದು. ಇಲ್ಲಿ ಪದರದ ಮೇಲೆ ಪದರ ಕಟ್ಟುವುದಿಲ್ಲ. ಸಕ್ಕರೆ, ನೀರು, ಬೀಜ ಮೂರನ್ನೂ ಒಟ್ಟಿಗೆ ಕುದಿಸುತ್ತಾ ತಿರುವುತ್ತಾರೆ. ನೀರು ಆರಿದಂತೆ ಸಕ್ಕರೆ ಒಮ್ಮೆಲೇ ಮರಳಿನಂತೆ ಬಿಳಿಚಿಕೊಂಡು ಬೀಜಕ್ಕೆ ಅಂಟುತ್ತದೆ. ಇನ್ನೂ ಬಿಸಿ ಕೊಟ್ಟರೆ ಆ ಮರಳು ಕರಗಿ ಕಂದಾಗುತ್ತದೆ. ಜರ್ಮನಿಯ ಕ್ರಿಸ್‌ಮಸ್ ಸಂತೆಗಳಲ್ಲಿ ತಾಮ್ರದ ಬಾಣಲೆಯಲ್ಲಿ ಮಾಡಿ ಕಾಗದದ ಪೊಟ್ಟಣದಲ್ಲಿ ಕೊಡುವ ಹುರಿದ ಬಾದಾಮಿಯೂ ಇದೇ.

ಹೆಸರು ಬಂದದ್ದು ಹದಿನೇಳನೆಯ ಶತಮಾನದ ಫ್ರೆಂಚ್ ಸೇನಾನಿ ಪ್ಲೆಸ್ಸಿ-ಪ್ರಲ್ಯಾನ್ (1598–1675) ಎಂಬಾತನಿಂದ. ಮಾಡಿದವನು ಅವನ ಅಡುಗೆಯವನು, ಹೆಸರು ಯಜಮಾನನದು. ಅಡುಗೆಯವನ ಹೆಸರನ್ನು ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಈ ಚರಿತ್ರೆಯಲ್ಲಿ ಮುಂದೆಯೂ ಹೀಗೆಯೇ.

ಫ್ರೆಂಚರು ಲೂಯಿಸಿಯಾನಾಕ್ಕೆ ಬಂದು ನೆಲೆಸಿದಾಗ ಅಲ್ಲಿ ಬಾದಾಮಿ ಬೆಳೆಯುತ್ತಿರಲಿಲ್ಲ. ಸ್ಥಳೀಯ ಮೂಲನಿವಾಸಿಗಳು ತಲೆಮಾರುಗಳಿಂದ ತಿನ್ನುತ್ತಿದ್ದ ಪೆಕಾನ್ ಹೇರಳವಾಗಿತ್ತು. ಪೆಕಾನ್ ಎಂಬ ಶಬ್ದವೂ ಅವರ ಭಾಷೆಯದೇ. 1795ರಲ್ಲಿ ಎಟಿಯೆನ್ ದ ಬೊರೆ ಎಂಬ ತೋಟದ ಒಡೆಯ ನ್ಯೂ ಆರ್ಲಿಯನ್ಸಿನ ಬಳಿ ಲಾಭಕ್ಕೆ ಬರುವಷ್ಟು ಹರಳು ಸಕ್ಕರೆ ಮಾಡಿ ತೋರಿಸಿದ. ಅಲ್ಲಿಂದ ಮುಂದೆ ಮಿಸಿಸಿಪ್ಪಿ ದಂಡೆಯುದ್ದಕ್ಕೂ ಕಬ್ಬಿನ ತೋಟಗಳು ಎದ್ದವು. ಕತ್ತರಿಸಿದವರು, ಗಾಣಕ್ಕೆ ಕೊಟ್ಟವರು, ಹಗಲು ರಾತ್ರಿ ಕೊಪ್ಪರಿಗೆಯ ಮುಂದೆ ನಿಂತವರು ಆಫ್ರಿಕಾ ಮೂಲದ ಗುಲಾಮರು. ಕಬ್ಬು ಕಡಿದ ಕೂಡಲೇ ಅರೆಯದಿದ್ದರೆ ರಸ ಕೆಡುತ್ತದೆ. ಅದಕ್ಕಾಗಿ ಸುಗ್ಗಿಯ ತಿಂಗಳುಗಳಲ್ಲಿ ಅವರಿಗೆ ನಿದ್ದೆಯೇ ಇರುತ್ತಿರಲಿಲ್ಲ. ಆ ಸುಗ್ಗಿ ಮುಗಿಯುತ್ತಿದ್ದದ್ದು ಕ್ರಿಸ್‌ಮಸ್ ಹೊತ್ತಿಗೆ.

ಇವರಲ್ಲಿ ಒಬ್ಬನ ಹೆಸರು ನಮಗೆ ಸಿಕ್ಕಿದೆ: ಆಂಟ್ವಾನ್. ಮುಂದೆ ಓಕ್ ಆಲಿ ಎಂದು ಹೆಸರಾದ ತೋಟದ ಮಾಲಿ, ಗುಲಾಮ. ಪೆಕಾನಿನ ಬೀಜ ಬಿತ್ತಿದರೆ ತಾಯಿಮರದ ಗುಣವೇ ಬರುತ್ತದೆಂಬ ಖಾತ್ರಿಯಿಲ್ಲ. ಒಳ್ಳೆಯ ಮರ ಬೇಕೆಂದರೆ ನಮ್ಮ ಮಾವಿನ ಹಾಗೆ ಕಸಿ ಕಟ್ಟಬೇಕು, ಅದು ಯಾರಿಗೂ ಒಲಿದಿರಲಿಲ್ಲ. ಕೊಲೊಂಬ್ ಎಂಬ ವೈದ್ಯರು ದೊಡ್ಡ ಗಾತ್ರದ, ತೆಳು ಸಿಪ್ಪೆಯ ಕಾಯಿ ಬಿಡುವ ಮರದಿಂದ ಕಸಿ ಕಟ್ಟಲು ತಾವೇ ಪ್ರಯತ್ನಿಸಿ ಸೋತು, ಕಡ್ಡಿಗಳನ್ನು ಆಂಟ್ವಾನ್‌ನ ಕೈಗಿತ್ತರು. 1846–47ರ ಚಳಿಗಾಲದಲ್ಲಿ ಆತ 16 ಗಿಡಗಳಿಗೆ ಕಸಿ ಕಟ್ಟಿ ಗೆದ್ದ. (ಡಾಕ್ಟರು ಕೈಚೆಲ್ಲಿದ್ದನ್ನು ಮಾಲಿ ಮಾಡಿ ತೋರಿಸಿದ ಎಂದು ಓದುವಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಆಸ್ಪತ್ರೆಗಳಲ್ಲೂ ಎಷ್ಟೋ ಸಲ ಹೀಗೇ.) ತೋಟದ ಒಡೆಯ ಸತ್ತ ಮೇಲೆ 1848ರಲ್ಲಿ ಮಾಡಿದ ಆಸ್ತಿಪಟ್ಟಿಯಲ್ಲಿ, ಸಾಮಾನು ಸರಂಜಾಮುಗಳ ಜೊತೆಗೆ ಆಂಟ್ವಾನ್‌ನನ್ನೂ ಬರೆದಿದ್ದಾರೆ: ಮಾಲಿ, ಪೆಕಾನ್ ಕಸಿಯಲ್ಲಿ ನಿಪುಣ, ಬೆಲೆ 1000 ಡಾಲರ್. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಸ್ವಾತಂತ್ರ್ಯ ಶತಮಾನೋತ್ಸವ ಪ್ರದರ್ಶನದಲ್ಲಿ ಆ ಮರಗಳ ಕಾಯಿಗೆ ಪ್ರಶಸ್ತಿಪತ್ರ ಬಂತು. ತಳಿಗೆ 'ಸೆಂಟೆನಿಯಲ್' ಎಂದು ಹೆಸರಿಟ್ಟರು. ಪ್ರಶಸ್ತಿ ಪಡೆದದ್ದು ಪ್ರದರ್ಶಿಸಿದ ಬೇರೊಬ್ಬ ತೋಟದ ಒಡೆಯ. ಆಂಟ್ವಾನ್ ಕಟ್ಟಿದ ಮರಗಳಲ್ಲಿ ಬಹುಪಾಲನ್ನು ಅಂತರ್ಯುದ್ಧದ ನಂತರ ಕಡಿದುಹಾಕಿದರು, ಕಬ್ಬು ಬೆಳೆಯಲು. ಇಂದು ಅಮೆರಿಕದ ಅಂಗಡಿಗಳಲ್ಲಿ ಸಿಗುವ ಒಂದೇ ಗಾತ್ರದ, ತೆಳು ಸಿಪ್ಪೆಯ ಪೆಕಾನ್‌ಗಳೆಲ್ಲ ಆತ ತೋರಿಸಿಕೊಟ್ಟ ಕಸಿಯ ದಾರಿಯಲ್ಲೇ ಬಂದವು.

ನ್ಯೂ ಆರ್ಲಿಯನ್ಸಿನ ಬೀದಿಗಳಲ್ಲಿ ಪ್ರಲೀನ್ ಮಾರಿದವರು ಕಪ್ಪು ಹೆಂಗಸರು. ಪ್ರಲಿನಿಯೇರ್ ಎಂದು ಅವರಿಗೆ ಹೆಸರು. ಬಾದಾಮಿಯ ಜಾಗಕ್ಕೆ ಪೆಕಾನ್ ತಂದವರು, ಪಾಕಕ್ಕೆ ಹಾಲು, ಕೆನೆ ಸೇರಿಸಿ ಬಿಲ್ಲೆಯ ಹಾಗೆ ಮೆತ್ತಗೆ ಹುಯ್ದವರು, ಕೊಬ್ಬರಿ ಹಾಕಿ ಬಿಳಿ, ಗುಲಾಬಿ ಬಣ್ಣದವನ್ನೂ ಮಾಡಿದವರು ಇಂಥ ಅಡುಗೆಮನೆಗಳ ಕೈಗಳೇ. ಗುಲಾಮಗಿರಿಯ ಕಾಲದಲ್ಲಿ ಹಲವರು ಯಜಮಾನಿಯ ಪರವಾಗಿ ಮಾರಬೇಕಿತ್ತು. ಬಿಡುಗಡೆಯಾದ ಮೇಲೆ ಒಂದು ಬುಟ್ಟಿ, ಒಂದು ಬಾಣಲೆಯ ಬಂಡವಾಳದಲ್ಲಿ ಸ್ವಂತ ಕಾಲ ಮೇಲೆ ನಿಲ್ಲಲು ಇದು ದಾರಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸಿಗಳು ಬರತೊಡಗಿದಾಗ ಬಿಳಿಯರ ದೊಡ್ಡ ಅಂಗಡಿಗಳು ವ್ಯಾಪಾರವನ್ನು ಎತ್ತಿಕೊಂಡವು. ಡಬ್ಬಿಯ ಮೇಲೆ ಮಾತ್ರ ತಲೆಗೆ ಬಟ್ಟೆ ಕಟ್ಟಿದ ಕಪ್ಪು ಹೆಂಗಸಿನ ನಗುಮುಖದ ಚಿತ್ರ. ಲಾಭದಲ್ಲಿ ಅವಳ ಪಾಲು ಇರಲಿಲ್ಲ. ಆ ಹಳೆಯ ಡಬ್ಬಿಗಳನ್ನು ಈಗಲೂ ಪುರಾತನ ವಸ್ತುಗಳ ಅಂಗಡಿಗಳಲ್ಲಿ ನೋಡಬಹುದು. ನಾನಂತೂ ಅವನ್ನು ಮನೆಗೆ ತರಲಾರೆ.

ಮನೆಯಲ್ಲಿ ಮಾಡಬೇಕೆನ್ನುವವರಿಗೆ ಕೊನೆಯಲ್ಲಿ ಎರಡು ಮಾತು. ಎರಡು ಕಪ್ ಪೆಕಾನ್‌ಗೆ ಒಂದು ಕಪ್ ಸಕ್ಕರೆ, ಕಾಲು ಕಪ್ ನೀರು, ಚಿಟಿಕೆ ಉಪ್ಪು. ದಪ್ಪ ತಳದ ಬಾಣಲೆಯಲ್ಲಿ ಎಲ್ಲವನ್ನೂ ಹಾಕಿ ಮಧ್ಯಮ ಉರಿಯಲ್ಲಿ ಕೈಬಿಡದೆ ತಿರುವಿ. ಮರಳುಮರಳಾದಾಗ ಇಳಿಸಿದರೆ ಬಿಳಿಯ ಹೊದಿಕೆ, ಇನ್ನೆರಡು ನಿಮಿಷ ಬಿಟ್ಟರೆ ಕಂದು. ನಮ್ಮ ಮನೆಯಲ್ಲಿ ಏಲಕ್ಕಿ ಪುಡಿಯನ್ನು ಇಳಿಸಿದ ಮೇಲೆ ಉದುರಿಸುತ್ತೇವೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಸಕ್ಕರೆ ಕರಗುವುದು 160 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಚರ್ಮಕ್ಕೆ ಅಂಟಿದರೆ ಕುದಿಯುವ ನೀರಿಗಿಂತ ಆಳದ ಸುಟ್ಟಗಾಯ ಮಾಡುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ, ಇಲ್ಲದಿದ್ದರೆ ಒಳಗಿನ ಹಬೆಗೆ ಮೆತ್ತಗಾಗುತ್ತದೆ. ಉಡುಗೊರೆ ಕೊಡುವ ಡಬ್ಬಿಯ ಮೇಲೆ ಒಳಗಿರುವುದು ಯಾವ ಬೀಜ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಪೆಕಾನ್, ವಾಲ್‌ನಟ್ ಅಲರ್ಜಿಯಿರುವ ಮಗು ಯಾವ ಮನೆಯಲ್ಲಿದೆಯೋ ಕೊಡುವವರಿಗೆ ತಿಳಿದಿರುವುದಿಲ್ಲ.