ಕಾರಿನ ಕ್ರೋಮ್ ಹೊಳಪು: ಮನೆಯಿಂದ ಕಾರ್ಖಾನೆಗೆ

ವಿದ್ಯುತ್ತಿನಿಂದ ಲೋಹಕ್ಕೆ ಲೋಹದ ಹೊದಿಕೆ ಹಾಕುವ ಕಸುಬು ಮೊದಲಿಗೆ ಮನೆಯೊಳಗೂ ನಡೆಯುವಷ್ಟು ಸರಳವಾಗಿತ್ತು. ಇಟಲಿಯ ಲೂಯಿಜಿ ಬ್ರುನ್ಯಾಟೆಲ್ಲಿ 1805ರಲ್ಲಿ ವೋಲ್ಟಾನ ಬ್ಯಾಟರಿಯಿಂದ ಬೆಳ್ಳಿಯ ಪದಕಗಳಿಗೆ ಚಿನ್ನ ಲೇಪಿಸಿದ. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್ ಬಂಧುಗಳು ಚಿನ್ನ, ಬೆಳ್ಳಿಯ ಲೇಪನಕ್ಕೆ ಪೇಟೆಂಟ್ ಪಡೆದು ಅದನ್ನು ಉದ್ಯಮವಾಗಿಸಿದರು. ಅದೇ ಕಾಲಕ್ಕೆ ಇಂಗ್ಲೆಂಡಿನ ಹವ್ಯಾಸಿಗಳು ಜಾಡಿ, ಬ್ಯಾಟರಿ, ಮೈಲುತುತ್ತದ ದ್ರಾವಣ ಇಟ್ಟುಕೊಂಡು ನಾಣ್ಯ, ಪದಕಗಳ ತಾಮ್ರದ ಪ್ರತಿಗಳನ್ನು ಮನೆಯಲ್ಲೇ ತೆಗೆಯುತ್ತಿದ್ದರು.

ಮೊದಲ ಕಾರುಗಳ ದೀಪ, ರೇಡಿಯೇಟರ್‌ಗಳು ಹಿತ್ತಾಳೆಯವು; ಬಳಿಕ ನಿಕ್ಕಲ್ ಲೇಪನ ಬಂತು. ಗಾಳಿಗೆ ಎರಡೂ ಮಂಕಾಗುತ್ತಿದ್ದುದರಿಂದ ತಿಕ್ಕಿ ಬೆಳಗುವ ಕೆಲಸ ಮಾಲೀಕನಿಗೋ ಚಾಲಕನಿಗೋ ತಪ್ಪುತ್ತಿರಲಿಲ್ಲ. ಕ್ರೋಮಿಯಂ ಈ ಕಷ್ಟ ತಪ್ಪಿಸಿತು. ಫ್ರಾನ್ಸಿನ ವೋಕ್ಲಾ ಈ ಲೋಹವನ್ನು 18ನೇ ಶತಮಾನದ ಕೊನೆಯಲ್ಲೇ ಕಂಡುಹಿಡಿದಿದ್ದರೂ, ಅದರ ಲೇಪನ ಕೈಗೆ ಹತ್ತಿದ್ದು 1920ರ ದಶಕದಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಮತ್ತು ಚಾರ್ಲ್ಸ್ ಎಲ್‌ಡ್ರಿಜ್ ಕ್ರೋಮಿಕ್ ಆಮ್ಲದ ದ್ರಾವಣದಲ್ಲಿ ಸಲ್ಫೇಟನ್ನು ಹದದಲ್ಲಿಡುವ ವಿಧಾನ ರೂಪಿಸಿದರು. ಸುಮಾರು ನೂರು ಪಾಲು ಕ್ರೋಮಿಕ್ ಆಮ್ಲಕ್ಕೆ ಒಂದು ಪಾಲು ಸಲ್ಫೇಟ್ ಎಂಬುದು ಈ ಕಸುಬಿನ ಮೂಲಸೂತ್ರವಾಯಿತು. ಆ ದಶಕ ಮುಗಿಯುವ ಮೊದಲೇ ಓಲ್ಡ್ಸ್‌ಮೊಬೈಲ್ ಕಾರುಗಳ ರೇಡಿಯೇಟರ್ ಚೌಕಟ್ಟಿನಲ್ಲಿ ಕ್ರೋಮ್ ಮಿಂಚಿತು.

ಆದರೆ ನೋಡುವವರ ಕಣ್ಣಿಗೆ ಬೀಳುವ ಹೊಳಪು ಬಹುಪಾಲು ನಿಕ್ಕಲ್‌ನದು. ಮೇಲಿನ ಕ್ರೋಮ್ ಪದರದ ದಪ್ಪ ಅರ್ಧ ಮೈಕ್ರಾನ್‌ಗೂ ಕಡಿಮೆ. ನಿಕ್ಕಲ್ ಮಂಕಾಗದಂತೆ ಕಾಯುವುದೇ ಅದರ ಮುಖ್ಯ ಕೆಲಸ. ಕೊರಿಯಾ ಯುದ್ಧದ ಕಾಲದಲ್ಲಿ ಇದು ಅಮೆರಿಕದ ಕಾರು ಕೊಂಡವರಿಗೆಲ್ಲ ತಿಳಿಯಿತು. ಸರ್ಕಾರ ನಿಕ್ಕಲ್ ಬಳಕೆಗೆ ಮಿತಿ ಹಾಕಿದಾಗ ತಾಮ್ರದ ಮೇಲೆ ನೇರವಾಗಿ ಕ್ರೋಮ್ ಹಾಕಿದ ಬಂಪರ್‌ಗಳು ಬೇಗನೆ ತುಕ್ಕು ಹಿಡಿದವು. ನಿರ್ಬಂಧ ಸಡಿಲಗೊಂಡ ಮೇಲೆ, 1950ರ ದಶಕದ ಉತ್ತರಾರ್ಧದಲ್ಲಿ, ಕ್ಯಾಡಿಲಾಕ್, ಬ್ಯೂಕ್ ಕಾರುಗಳ ಮೈತುಂಬ ಕ್ರೋಮ್ ಆವರಿಸಿತು. ಭಾರತದಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಬಂಪರ್‌ಗಳಲ್ಲಿ ಈ ಹೊಳಪು ಮನೆಮಾತಾಯಿತು.

ಹಳೆಯ ಬಂಪರ್‌ಗೆ ಮತ್ತೆ ಕ್ರೋಮ್ ಹಾಕಿಸುವಾಗ ದುಡಿಮೆಯ ಹೆಚ್ಚಿನ ಪಾಲು ಲೇಪನದ ದ್ರಾವಣವಿರುವ ತೊಟ್ಟಿಗಿಳಿಸುವ ಮುನ್ನವೇ ಮುಗಿಯುತ್ತದೆ. ಹಳೆಯ ಪದರ ಕಳಚಿ, ಡೊಂಕು ತಿದ್ದಿ, ಬಫಿಂಗ್ ಮಾಡಿ, ಜಿಡ್ಡು ತೆಗೆದು, ಸಾಮಾನ್ಯವಾಗಿ ತಾಮ್ರ, ನಿಕ್ಕಲ್, ಕ್ರೋಮ್ ಎಂಬ ಕ್ರಮದಲ್ಲಿ ಲೇಪಿಸುತ್ತಾರೆ. ಕ್ರೋಮ್ ತೊಟ್ಟಿಗೆ ಪ್ರತಿ ಚದರ ಡೆಸಿಮೀಟರ್‌ಗೆ 10 ಆಂಪಿಯರ್ ಅಥವಾ ಇನ್ನೂ ಹೆಚ್ಚು ವಿದ್ಯುತ್ ಬೇಕು. ಇಡೀ ಬಂಪರ್‌ಗೆ ಅದು ನೂರಾರು ಆಂಪಿಯರ್ ದಾಟುತ್ತದೆ. ಆ ವಿದ್ಯುತ್ತಿನ ಬಹುಪಾಲು ಜಲಜನಕದ ಗುಳ್ಳೆಗಳನ್ನು ಎಬ್ಬಿಸಲು ವ್ಯಯವಾಗಿ, ಅವುಗಳೊಂದಿಗೆ ಕ್ರೋಮಿಕ್ ಆಮ್ಲದಲ್ಲಿರುವ ಷಡ್‌ವೇಲೆನ್ಸಿ ಕ್ರೋಮಿಯಂನ ಮಂಜು ಮೇಲೇಳುತ್ತದೆ. ಈ ಮಂಜು ಕೆಲಸಗಾರರ ಮೂಗಿನ ನಡುಗೋಡೆಯನ್ನೇ ತೂತು ಮಾಡುತ್ತದೆ ಎಂಬುದು 1920ರ ದಶಕದಲ್ಲೇ ದಾಖಲಾಯಿತು. ಅದು ಕ್ಯಾನ್ಸರ್‌ಕಾರಕ ಎಂಬುದೂ ಆಮೇಲೆ ಖಚಿತವಾಯಿತು. ಬೆಂಗಳೂರಿನ ಪೀಣ್ಯದಂಥ, ಪ್ಲೇಟಿಂಗ್ ಘಟಕಗಳು ದಟ್ಟವಾಗಿರುವ ಪ್ರದೇಶದ ಅಂತರ್ಜಲದಲ್ಲೂ ಈ ಕ್ರೋಮಿಯಂ ಪತ್ತೆಯಾಗಿದೆ.

ಹೀಗಾಗಿ ಕಾನೂನು ಬಿಗಿಯಾಯಿತು. ಯುರೋಪಿನ ಒಕ್ಕೂಟದಲ್ಲಿ 2017ರಿಂದ ಕ್ರೋಮಿಯಂ ಟ್ರೈಆಕ್ಸೈಡ್ (ಕ್ರೋಮಿಕ್ ಆಮ್ಲದ ಮೂಲವಸ್ತು) ಬಳಸಲು ಅನುಮತಿ ಕಡ್ಡಾಯ. ಅಲಂಕಾರದ ಲೇಪನದಲ್ಲಿ ಷಡ್‌ವೇಲೆನ್ಸಿ ಕ್ರೋಮಿಯಂ ಅನ್ನು ಹಂತಹಂತವಾಗಿ ಕೈಬಿಡುವ ನಿಯಮವನ್ನು ಕ್ಯಾಲಿಫೋರ್ನಿಯ 2023ರಲ್ಲಿ ಒಪ್ಪಿತು. ಅಷ್ಟು ಅಪಾಯವಿಲ್ಲದ ತ್ರಿವೇಲೆನ್ಸಿ ಕ್ರೋಮಿಯಂ ದ್ರಾವಣಗಳು 1970ರ ದಶಕದಿಂದ ಬಳಕೆಗೆ ಬಂದಿವೆ.

ಮನೆಯ ಪಾಲಿಗೆ ಉಳಿದದ್ದು ಬಿಡಿಭಾಗ ಬಿಚ್ಚುವುದು, ತೊಳೆಯುವುದು, ಸಣ್ಣ ಬೋಲ್ಟುಗಳಿಗೆ ನಿಕ್ಕಲ್ ಲೇಪಿಸುವುದು. ಕ್ರೋಮಿನಂತೆ ಕಾಣುವ ಸ್ಪ್ರೇಗಳೂ ಇವೆ. ಅವುಗಳಲ್ಲಿ ಕೆಲವು ಬೆಳ್ಳಿಯ ತೆಳುಪದರ, ಹಲವು ಬರೀ ಬಣ್ಣ. ಗಡಸುತನದಲ್ಲಿ ಯಾವುದೂ ಕ್ರೋಮಿಗೆ ಸಾಟಿಯಲ್ಲ. ಬಂಪರ್, ಗ್ರಿಲ್‌ಗಳ ಕೆಲಸ ಹೊಗೆ ಹೀರುವ ಯಂತ್ರ ಮತ್ತು ತ್ಯಾಜ್ಯ ಸಂಸ್ಕರಣೆ ಇರುವ ಕಾರ್ಖಾನೆಗೇ ಸೇರಿದ್ದು.